ನಡುಗೋಡೆ

ಆಫೀಸಿನ ಸೋಫಾದ ಆ ತುದಿಯಲ್ಲಿ ಒಬ್ಬಳು, ಈ ತುದಿಯಲ್ಲಿ ಒಬ್ಬ. ನಡುವೆ ಇನ್ನಿಬ್ಬರು ಆರಾಮಾಗಿ ಕೂರುವಷ್ಟು ಜಾಗ. ಮನೆಗಳ ನಕ್ಷೆ ಬರೆದು ಕಟ್ಟಿಸುವ ರಾಲಿನ್ ಸ್ಟೇವ್ಲಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಮನೆ ಕಟ್ಟಿಸಲು ಬರುವ ಗಂಡ ಹೆಂಡತಿ ದಾರಿಯುದ್ದಕ್ಕೂ ಅಡುಗೆಮನೆಯ ವಿಷಯಕ್ಕೆ ಕಿತ್ತಾಡಿಕೊಂಡೇ ಬರುತ್ತಾರೆ ಎಂಬುದು ಅವನ ಅನುಭವ.

ಎಷ್ಟು ಕೋಣೆ ಬೇಕು ಎಂದು ಅವನು ಯಾರನ್ನೂ ಕೇಳುವವನಲ್ಲ. ಅವನ ಪ್ರಶ್ನೆಗಳೇ ಬೇರೆ.

"ನಿಮ್ಮಿಬ್ಬರಲ್ಲಿ ಬೆಳಿಗ್ಗೆ ಮೊದಲು ಏಳೋರು ಯಾರು?"

"ನಾನು," ಎಂದರು ಇಬ್ಬರೂ ಒಟ್ಟಿಗೆ.

ರಾಲಿನ್ ನಕ್ಕ. "ಎದ್ದೋರು ಇನ್ನೊಬ್ಬರನ್ನ ಎಬ್ಬಿಸ್ತೀರಾ, ಮಲಗಲಿ ಅಂತ ಬಿಡ್ತೀರಾ?"

ಅವಳು ಕಿಟಕಿಯ ಕಡೆ ತಿರುಗಿದಳು. ಅವಳ ಜೊತೆ ಬಂದವನು ಮಂಡಿಯ ಮೇಲಿದ್ದ ಟೋಪಿಯ ಅಂಚು ಸವರತೊಡಗಿದ. ಮೂಲೆಯಲ್ಲಿ ಟೈಪ್ ಮಾಡುತ್ತಿದ್ದ, ಆಫೀಸು ನೋಡಿಕೊಳ್ಳುವ ಆರ್ಲೀನಳ ಬೆರಳುಗಳು ನಿಂತವು.

"ನಾವು ಗಂಡ ಹೆಂಡತಿ ಅಲ್ಲ," ಸೋಫಾದ ಮೇಲಿದ್ದವಳೇ ಹೇಳಿದಳು. "ಡೈವೋರ್ಸ್ ಆಗಿದೆ. ಫೋನಲ್ಲಿ ಹೇಳಿದ್ದೆ."

"ಚೀಟಿ ಬರೆದು ನಿನ್ನ ಮೇಜಿನ ಮೇಲೇ ಇಟ್ಟಿದ್ದೆ ರಾಲಿನ್," ಎಂದಳು ಆರ್ಲೀನ್. "ನೀನು ಅದರ ಬೆನ್ನ ಮೇಲೆ ಯಾರದೋ ಮನೆ ಮೆಟ್ಟಿಲು ಬರೆದಿದೀಯ."

ರಾಲಿನ್ ಕಿವಿಯವರೆಗೂ ಕೆಂಪಾದ. ಅದನ್ನು ಕಂಡು ಸೋಫಾದ ಮೇಲಿದ್ದವಳ ತುಟಿಯ ಒಂದು ಮೂಲೆ ಸ್ವಲ್ಪವೇ ಮೇಲಕ್ಕೆದ್ದಿತು. ಪೂರ್ತಿ ನಗುವಲ್ಲ. ನಕ್ಕು ಬಹಳ ದಿನವಾದವರು ದಾರಿ ಮರೆತು ನಿಂತ ಹಾಗೆ. ಅವನು ಅವಳನ್ನು ಮೊದಲು ಸರಿಯಾಗಿ ನೋಡಿದ್ದು ಆಗಲೇ.

ಅವಳು ಗ್ವೆನ್ ಪ್ರೂಯಿಟ್. ಊರೂರು ತಿರುಗಿ ಪಿಯಾನೊಗಳ ಶ್ರುತಿ ಸರಿಮಾಡುವುದು ಅವಳ ಕೆಲಸ. ಟೋಪಿಯವನು ಹಾಲಿಸ್, ದನ ಕುದುರೆಗಳ ಡಾಕ್ಟರು. ಅವರ ಮಗಳು ಟೆಸ್‌ಗೆ ಒಂಬತ್ತು ವರ್ಷ. ಪ್ರತಿ ಶುಕ್ರವಾರ ಬ್ಯಾಗು ಹೊತ್ತು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹುಡುಗಿ, ಕಳೆದ ತಿಂಗಳು ಬ್ಯಾಗನ್ನು ರಸ್ತೆ ಬದಿಯಲ್ಲಿಟ್ಟು ಅದರ ಮೇಲೆ ಕೂತು, ಇನ್ನು ಯಾವ ಮನೆಗೂ ಬರುವುದಿಲ್ಲ ಎಂದುಬಿಟ್ಟಿದ್ದಳು.

"ಒಂದೇ ಜಾಗದಲ್ಲಿ ಎರಡು ಮನೆ ಬೇಕು," ಎಂದಳು ಗ್ವೆನ್. "ಟೆಸ್ ಕೋಣೆ ಮಧ್ಯದಲ್ಲಿರಲಿ, ಎರಡು ಕಡೆಗೂ ಬಾಗಿಲು. ಆದರೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಬಾರದು. ಸದ್ದೂ ಕೇಳಿಸಬಾರದು."

"ಯಾವ ಸದ್ದು?"

"ಹಾಲಿಸ್ ಬೂಟು ಬಿಚ್ಚೋ ಸದ್ದು."

ಹಾಲಿಸ್ ಎದ್ದು ಟೋಪಿ ಹಾಕಿಕೊಂಡ. "ಅವಳು ಹೇಳಿದ ಹಾಗೆ ಕಟ್ಟಿ. ನಂಗೆ ಒಂದು ಹಾಸಿಗೆ, ಒಂದು ಒಲೆ ಇದ್ರೆ ಸಾಕು," ಎಂದು ಹೊರಗೆ ಹೋದ. ಅವನ ಕಾರು ತಗ್ಗಿನಾಚೆ ಮರೆಯಾಗುವುದನ್ನು ಗ್ವೆನ್ ಕಿಟಕಿಯಿಂದ ನೋಡಿದಳು.

"ನಮಗೆ ಒಬ್ಬ ಮಗನೂ ಇದ್ದ," ಎಂದಳು ಆಮೇಲೆ. "ಕೋಡಿ. ಒಂದು ಹೊಲದ ಕೊಳದಲ್ಲಿ ಮುಳುಗಿ ಹೋದ. ಅದರ ಬಗ್ಗೆ ಪ್ರಶ್ನೆ ಕೇಳಬೇಡಿ. ಬೇರೆ ಏನು ಬೇಕಾದ್ರೂ ಕೇಳಿ."

*

ರಾಲಿನ್ ಕಟ್ಟಿದ ಮನೆಗಳನ್ನು ನೋಡಲು ದೂರದ ಊರುಗಳಿಂದ ಜನ ಬರುತ್ತಿದ್ದರು. ಎಣ್ಣೆ ಬಾವಿಯ ಹಳೆಯ ಕೊಳವೆಗಳನ್ನು ಬಾಗಿಸಿ ಪಕ್ಕೆಲುಬಿನ ಹಾಗೆ ನಿಲ್ಲಿಸಿ ಒಂದು ಮನೆ ಕಟ್ಟಿದ್ದ. ಗಾಲಿಕುರ್ಚಿಯ ಮುದುಕನೊಬ್ಬನಿಗೆ, ಕೂತರೆ ಮಾತ್ರ ದಿಗಂತ ಕಾಣುವಂತೆ ಕಿಟಕಿ ಇಟ್ಟಿದ್ದ; ಬಂದ ನೆಂಟರೆಲ್ಲ ಅವನ ಪಕ್ಕ ಕೂರಲೇಬೇಕಿತ್ತು. ಹುಚ್ಚ ಅನ್ನುವವರೂ ಇದ್ದರು. ಅವನು ಕಟ್ಟಿದ ಮನೆಗಳಲ್ಲಿದ್ದವರು ಮಾತ್ರ ಬಿಟ್ಟು ಹೋದದ್ದಿಲ್ಲ.

ಅವನು ಮಾತ್ರ ಬಟ್ಟೆ ಒಗೆಯುವ ಅಂಗಡಿಯ ಮಾಳಿಗೆಯಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು, ಸೋರುವ ನಲ್ಲಿಯ ಕೆಳಗೆ ಬೋಗುಣಿ ಇಟ್ಟುಕೊಂಡು ಬದುಕಿದ್ದ.

"ಊರಿಗೆಲ್ಲ ಮನೆ ಕಟ್ಟೋರು, ನಿಮಗೊಂದು ಇಲ್ವಾ?" ಎಂದು ಗ್ವೆನ್ ಕೇಳಿದ್ದು ಜಾಗ ನೋಡಲು ಹೋದ ದಿನ. ಕೆಂಪು ಮಣ್ಣಿನ ದಿಬ್ಬ, ಗಿಡ್ಡ ಓಕ್ ಮರಗಳು, ಬಿಡದೆ ಬೀಸುವ ಗಾಳಿ.

"ಯಾರಿಗೆ ಅಂತ ಗೊತ್ತಿಲ್ಲದೆ ನಂಗೆ ಒಂದು ಗೆರೇನೂ ಎಳೆಯಕ್ಕಾಗಲ್ಲ."

"ನಿಮಗೇ."

"ಅವನ ಪರಿಚಯ ಅಷ್ಟಾಗಿ ಇಲ್ಲ."

ಈ ಸಲ ಅವಳು ನಕ್ಕಳು. ಗಾಳಿಗೆ ಕೂದಲು ಬಾಯೊಳಗೆ ಹೋಗಿ, ಅದನ್ನು ತೆಗೆಯುತ್ತಲೇ ನಕ್ಕಳು. ರಾಲಿನ್ ಅಳತೆಯ ಟೇಪಿನ ತುದಿ ಕೈಯಿಂದ ಬಿಟ್ಟ. ಅದು ಸರ್ರನೆ ಸುತ್ತಿಕೊಂಡು, ಇನ್ನೊಂದು ತುದಿ ಹಿಡಿದಿದ್ದ ಅವಳ ಬೆರಳಿಗೆ ತಗುಲಿತು.

"ಏನ್ರೀ ನೀವು," ಎಂದು ಬೆರಳು ಚೀಪಿಕೊಂಡಳು. "ನೀವು ಕಟ್ಟಿದ್ದು ನಿಲ್ಲುತ್ತೆ ತಾನೆ?"

ಎರಡೂ ಮನೆಗಳ ನಡುಗೋಡೆಯನ್ನು ಅದೇ ದಿಬ್ಬದ ಕೆಂಪು ಮಣ್ಣಿನಿಂದ ಎಬ್ಬಿಸುವುದೆಂದು ಅವನು ತೀರ್ಮಾನಿಸಿದ. ಹಲಗೆಗಳ ನಡುವೆ ಮಣ್ಣು ಸುರಿದು ದಮ್ಮಸು ಮಾಡಿ, ಮೇಲೆ ಮತ್ತೆ ಸುರಿದು ಮತ್ತೆ ದಮ್ಮಸು ಮಾಡಿ, ಮೊಳಕ್ಕಿಂತ ದಪ್ಪದ ಗೋಡೆ. ಮಾದರಿಗೆ ಒಂದು ತುಂಡು ಕಟ್ಟಿಸಿದಾಗ ಗ್ವೆನ್ ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿದು, ಕೆನ್ನೆ ಒತ್ತಿ, ಕಣ್ಣು ಮುಚ್ಚಿ ಕೇಳಿದಳು.

"ಆ ಕಡೆಯಿಂದ ಏನಾದ್ರೂ ಹೇಳಿ."

ರಾಲಿನ್ ಗೋಡೆಯ ಆಚೆ ನಿಂತು ಮೊದಲು ಹವಾಮಾನ ಹೇಳಿದ. ಆಮೇಲೆ ಬೆಂಡೆಕಾಯಿ ಹುರಿದದ್ದು ಅಂದರೆ ತನಗೆ ಪ್ರಾಣ ಎಂದ. ಆಮೇಲೆ, ಅವಳಿಗೆ ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ, "ನೀವು ಬರ್ತೀರ ಅಂದ್ರೆ ನಾನು ಎರಡು ಸಲ ಶರ್ಟ್ ಬದಲಾಯಿಸ್ತೀನಿ," ಎಂದ.

ಅವನು ಗೋಡೆ ಸುತ್ತಿ ಬಂದಾಗ ಅವಳ ಒಂದು ಕೆನ್ನೆಗೆ ಕೆಂಪು ಮಣ್ಣು ಹತ್ತಿತ್ತು.

"ಒಳ್ಳೆ ಗೋಡೆ," ಎಂದಳು. "ಒಂದಕ್ಷರ ಕೇಳಲಿಲ್ಲ." ಟ್ರಕ್ಕಿನ ಬಾಗಿಲು ತೆರೆದು ಹತ್ತುವಾಗ ತಿರುಗಿ, "ನೀಲಿದು ಚೆನ್ನಾಗಿತ್ತು. ಮೊನ್ನೆ ಹಾಕಿದ್ದು," ಎಂದಳು.

ತುಂಡು ಗೋಡೆಯ ಪಕ್ಕದಿಂದ ಸದ್ದು ಸುತ್ತಿ ಬರುತ್ತದೆ ಎಂಬುದು ಅವನಿಗೆ ಆಗ ಹೊಳೆಯಿತು.

ಒಂದು ದಿನ ಆರ್ಲೀನ್ ನಕ್ಷೆಯ ಮೇಲೆ ಬಗ್ಗಿ ಕನ್ನಡಕ ಏರಿಸಿದಳು. ಅವಳಿಗೆ ಅರವತ್ತೆಂಟು. ರಾಲಿನ್ ಕಾಲೇಜು ಬಿಟ್ಟ ಲಾಗಾಯ್ತಿನಿಂದ ಅವನ ಆಫೀಸು, ಅವನ ಊಟ ಎರಡನ್ನೂ ನೋಡಿಕೊಂಡವಳು.

"ಗ್ವೆನ್ ಅಡುಗೆಮನೆ ಕಪಾಟು ಯಾಕಪ್ಪ ಇಷ್ಟು ಎತ್ತರ? ಅವಳಿಗೆ ಎಟುಕಲ್ಲ."

ಅವನು ನೋಡಿದ. ಕಪಾಟು ಅವನ ಎತ್ತರಕ್ಕಿತ್ತು. ಕಾಫಿ ಲೋಟ ತೆಗೆಯಲು ಅವನ ಕೈ ಎಲ್ಲಿಗೆ ಹೋಗುತ್ತಿತ್ತೋ ಸರಿಯಾಗಿ ಅಲ್ಲಿಗೆ.

"ತಪ್ಪಾಗಿದೆ," ಎಂದು ಅಳಿಸಿದ.

"ತಪ್ಪು ಅಂತ ನಾನೆಲ್ಲಿ ಹೇಳ್ದೆ," ಎಂದಳು ಆರ್ಲೀನ್.

*

ಅಡಿಪಾಯ ತೋಡುವ ಮುಂಚೆ ಟೆಸ್ ತನ್ನ ಕೋಣೆಯ ಮಾಡೆಲ್ ನೋಡಲು ಬಂದಳು. ಅಪ್ಪನ ಹಾಗೆ ಮಿತಮಾತಿನ ಹುಡುಗಿ. ರಟ್ಟಿನ ಮನೆಯ ಎರಡೂ ಬಾಗಿಲು ತೆರೆದು ಮುಚ್ಚಿದಳು. ಆಮೇಲೆ ಕೇಳಿದಳು.

"ಸೈರನ್ ಕೂಗಿದ್ರೆ ನಾನು ಯಾವ ಕಡೆ ಓಡ್ಬೇಕು?"

ಏಪ್ರಿಲ್ ಬಂತೆಂದರೆ ಆ ಓಕ್ಲಹೋಮ ಸೀಮೆಯಲ್ಲಿ ಆಕಾಶ ನೋಡುವುದೇ ಅರ್ಧ ಕೆಲಸ. ಸುಂಟರಗಾಳಿಯ ಸೈರನ್ ಕೂಗಿದಾಗ ಅಡಗಲು ನೆಲಮಾಳಿಗೆಯಿಲ್ಲದೆ ಯಾರೂ ಮನೆ ಕಟ್ಟುವುದಿಲ್ಲ. ಗ್ವೆನ್ ಹೇಳಿದಂತೆ ರಾಲಿನ್ ಎರಡು ಬರೆದಿದ್ದ, ಅವಳ ಕಡೆ ಒಂದು, ಹಾಲಿಸ್ ಕಡೆ ಒಂದು.

"ಯಾವ ಕಡೆ ಹೋದ್ರೂ ಸರಿ," ಎಂದ.

"ಅಮ್ಮನ ಕಡೆ ಹೋದ್ರೆ ಅಪ್ಪ ಒಬ್ರೇ ಇರ್ತಾರೆ. ಅಪ್ಪನ ಕಡೆ ಹೋದ್ರೆ ಅಮ್ಮ ಒಬ್ರೇ." ಅವಳು ರಟ್ಟಿನ ಬಾಗಿಲು ಮುಚ್ಚಿದಳು. "ನಾನು ನನ್ನ ರೂಮಲ್ಲೇ ಇದ್ಬಿಡ್ತೀನಿ."

ಅಂದು ಮಧ್ಯಾಹ್ನ ರಾಲಿನ್ ಊಟ ಮಾಡಲಿಲ್ಲ. ಟೆಸ್ ಕೋಣೆಯ ಕೆಳಗೆ ಒಂದೇ ನೆಲಮಾಳಿಗೆ ಬರೆದ. ಎರಡೂ ಮನೆಗಳಿಂದ ಇಳಿಯಲು ಮೆಟ್ಟಿಲು. ಇದ್ದ ಜಾಗ ಕಿರಿದು, ಎದುರು ಬದುರು ಎರಡು ಬೆಂಚು ಮಾತ್ರ ಹಿಡಿಸಿದವು. ಕೂತರೆ ಮಂಡಿಗೆ ಮಂಡಿ ತಾಗುವುದು ಖಂಡಿತ. ಪೆನ್ಸಿಲ್ ಕೆಳಗಿಟ್ಟು ಬಹಳ ಹೊತ್ತು ಆ ಎರಡು ಬೆಂಚುಗಳನ್ನು ನೋಡಿದ. ಮನೆಗಳು ಮನುಷ್ಯರನ್ನು ಏನು ಮಾಡುತ್ತವೆ ಎಂಬುದು ಅವನಿಗೆ ಗೊತ್ತಿತ್ತು. ಅದೇ ಅವನ ವಿದ್ಯೆ.

"ಎರಡು ಅಂದಿದ್ದೆ," ಎಂದಳು ಗ್ವೆನ್, ನಕ್ಷೆ ನೋಡಿ.

"ಟೆಸ್ ಕೇಳಿದ್ದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ." ಹುಡುಗಿ ಅಂದದ್ದನ್ನು ಹೇಳಿದ.

"ಆ ಮನುಷ್ಯನ ಎದುರು ಕೂರಕ್ಕೆ ನನ್ನ ಕೈಲಿ ಆಗಲ್ಲ ರಾಲಿನ್. ನೀನು ಒಬ್ಬ ಅರ್ಥ ಮಾಡ್ಕೋತೀಯ ಅಂದ್ಕೊಂಡಿದ್ದೆ." ಅವಳು ಅವನನ್ನು ನೀನು ಎಂದದ್ದು ಅದೇ ಮೊದಲು, ಅದೂ ಸಿಟ್ಟಿನಲ್ಲಿ.

ಒಂದು ವಾರ ಅವಳ ಫೋನ್ ಬರಲಿಲ್ಲ.

"ಎರಡು ಬರೆದುಕೊಡು," ಎಂದಳು ಆರ್ಲೀನ್. "ನಿನ್ನ ಕಾಲ ಮೇಲೆ ನೀನೇ ಯಾಕೆ ಕಲ್ಲು ಹಾಕ್ಕೋತೀಯ?"

"ಹುಡುಗಿ ಮೇಲೇ ಉಳೀತಾಳೆ ಆರ್ಲೀನ್."

ವಾರದ ಕೊನೆಗೆ ಗ್ವೆನ್ ಬಂದಳು. ಹುರಿದ ಬೆಂಡೆಕಾಯಿಯ ಪೊಟ್ಟಣ ಮೇಜಿನ ಮೇಲಿಟ್ಟಳು. "ಒಂದೇ ಇರಲಿ. ಅವಳಿಗೋಸ್ಕರ," ಎಂದಳು. ಆಮೇಲೆ ಅವನ ಶರ್ಟಿನ ಕಾಲರು ಸರಿಮಾಡುವ ನೆಪದಲ್ಲಿ ಕೈಯನ್ನು ಅಲ್ಲೇ ಬಿಟ್ಟಳು. ಆರ್ಲೀನ್‌ಗೆ ಆಗಲೇ ಅಂಚೆ ಕಚೇರಿಯಲ್ಲಿ ಏನೋ ಕೆಲಸ ನೆನಪಾಯಿತು.

*

ಎಲೆ ಉದುರುವ ಕಾಲಕ್ಕೆ ಅವರು ಹೊಸ ಮನೆಗೆ ಬಂದರು. ಗೋಡೆಯ ಆ ಕಡೆ ಹಾಲಿಸ್, ಈ ಕಡೆ ಗ್ವೆನ್, ನಡುವೆ ಬ್ಯಾಗಿಲ್ಲದ ಟೆಸ್. ಆ ಚಳಿಗಾಲ ರಾಲಿನ್ ಬದುಕಿನ ಒಳ್ಳೆಯ ಕಾಲ.

ಟೆಸ್ ಅಪ್ಪನ ಕಡೆ ಇರುವ ಸಂಜೆಗಳಲ್ಲಿ ಅವನು ಬರುತ್ತಿದ್ದ. ಗ್ವೆನ್ ಪಿಯಾನೊ ಕೋಣೆಯ ಚಾವಣಿಯನ್ನು ಅವನು ಅಲೆಯಂತೆ ಇಳಿಸಿದ್ದ. ಅವಳು ಒಂದೇ ಒಂದು ಸ್ವರ ಒತ್ತಿದರೆ ಅದು ತಲೆಯ ಮೇಲೆ ಸುತ್ತಿ ಇಬ್ಬರ ಹೆಗಲ ಮೇಲೆ ಇಳಿಯುವಂತೆ. ಅವನು ಪಿಯಾನೊಗೆ ಒರಗಿ ನಿಲ್ಲುತ್ತಿದ್ದ. ಅವಳು ಬಾರಿಸುವುದನ್ನು ನಿಲ್ಲಿಸದೆ ಕಣ್ಣು ಮಾತ್ರ ಎತ್ತುತ್ತಿದ್ದಳು.

"ಹಂಗೆ ನೋಡಬೇಡ. ತಪ್ಪಾಗುತ್ತೆ."

"ನಂಗೇನು ಗೊತ್ತಾಗುತ್ತಾ ತಪ್ಪು?"

"ಅದಕ್ಕೇ ನಿನ್ನ ಮುಂದೆ ಬಾರಿಸೋದು."

ಮೊದಲ ಮುತ್ತು ಪಾತ್ರೆ ತೊಳೆಯುವಾಗ, ಅವಳ ಕೈ ಮೊಣಕೈವರೆಗೂ ನೊರೆ. ಅವಳು ಕೈ ಒರೆಸಿಕೊಳ್ಳದೆ ಅವನ ಕೊರಳು ಬಳಸಿದಳು. ಮನೆಗೆ ಹೋಗುವವರೆಗೂ ಅವನ ಬೆನ್ನು ಒದ್ದೆಯಾಗಿತ್ತು, ಚಳಿ ಅನ್ನಿಸಲಿಲ್ಲ.

"ಟೆಸ್‌ಗೆ ಬೇಸಿಗೆ ರಜೆಯಲ್ಲಿ ಹೇಳೋಣ," ಎಂದಳು ಒಂದು ದಿನ. "ಸ್ವಲ್ಪ ಕಾಯ್ತೀಯಾ?"

"ಗೋಡೆ ಒಣಗೋವರೆಗೂ ಕಾಯೋದು ನಂಗೆ ಅಭ್ಯಾಸ."

"ನಾನು ಗೋಡೆ ಅಲ್ಲ."

"ಅಲ್ಲ. ನಿನ್ನ ಕಿವಿ ಚುರುಕು."

ಅವಳು ಒದ್ದೆ ಬಟ್ಟೆಯಿಂದ ಹೊಡೆದಳು. ಆದರೆ ಕೆಲವು ಸಲ ನಗುತ್ತಿದ್ದವಳು ಮಾತಿನ ಮಧ್ಯೆ ನಿಂತುಬಿಡುತ್ತಿದ್ದಳು. ತಲೆ ಸ್ವಲ್ಪ ಗೋಡೆಯ ಕಡೆ ವಾಲುತ್ತಿತ್ತು. ಏನೂ ಕೇಳಿಸದ ಗೋಡೆ ಅದು.

"ಏನು?" ಎನ್ನುತ್ತಿದ್ದ ರಾಲಿನ್.

"ಏನಿಲ್ಲ. ಹಾಲಿಸ್ ಇದ್ದಾನೋ ಇಲ್ವೋ ಅನ್ನೋದೇ ಗೊತ್ತಾಗಲ್ಲ," ಎನ್ನುತ್ತಿದ್ದಳು. ಅವಳು ಬೇಕೆಂದು ಕೇಳಿದ್ದನ್ನೇ ರಾಲಿನ್ ಕೊಟ್ಟಿದ್ದ.

*

ಮೇ ತಿಂಗಳ ಒಂದು ಸಂಜೆ ನೈಋತ್ಯದ ಆಕಾಶ ಹಸಿರಾಯಿತು, ಸುಂಟರಗಾಳಿ ಬರುವ ಮುಂಚಿನ ಬಣ್ಣ. ರಾಲಿನ್ ಆಗ ನಾರ್ಮನ್ ಪಟ್ಟಣದಲ್ಲಿ, ತನ್ನ ಬಾಡಿಗೆ ಕೋಣೆಗಳ ಕೆಳಗಿನ ಬಟ್ಟೆ ಒಗೆಯುವ ಅಂಗಡಿಯ ನೆಲಮಾಳಿಗೆಯಲ್ಲಿ ಅಂಗಡಿಯ ಗಿರಾಕಿಗಳ ಜೊತೆ ಕೂತಿದ್ದ. ಗಾಳಿ ತಮ್ಮ ಕಡೆ ಬರಲಿಲ್ಲ ಎಂದು ಎಲ್ಲರೂ ಉಸಿರು ಬಿಡುವಾಗ ರೇಡಿಯೋದವನು ಗಾಳಿ ಹೋದ ದಾರಿ ಹೇಳಿದ. ಆ ದಾರಿಯಲ್ಲಿ ಕೆಂಪು ದಿಬ್ಬವಿತ್ತು.

ಗ್ವೆನ್‌ಗೆ ಫೋನ್ ಹೋಗಲಿಲ್ಲ. ರಸ್ತೆಗೆ ಕಂಬಗಳು ಬಿದ್ದು ಪೊಲೀಸರು ಯಾರನ್ನೂ ಬಿಡಲಿಲ್ಲ. ಅವನು ತಡೆಗಂಬದ ಬಳಿ ಟ್ರಕ್ಕಿನಲ್ಲೇ ಕೂತ. ಬೆಳಕು ಹರಿದ ಮೇಲೆ ಬಿಟ್ಟರು.

ಓಕ್ ಮರಗಳ ತಲೆ ಇರಲಿಲ್ಲ. ಹಾಲಿಸ್ ಕಡೆಯ ಚಾವಣಿ ಅರ್ಧ ಕಿತ್ತು ಹೊಲದಲ್ಲಿ ಬಿದ್ದಿತ್ತು. ಮಣ್ಣಿನ ಗೋಡೆ ಅಲುಗಿರಲಿಲ್ಲ. ರಾಲಿನ್ ಓಡಿದ.

ಅವರು ಮನೆಯ ಹಿಂದೆ, ಮುರಿದ ಹಲಗೆಗಳ ರಾಶಿಯ ಮೇಲೆ ಕೂತಿದ್ದರು. ಟೆಸ್ ಅಪ್ಪನ ಮಂಡಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಗ್ವೆನ್ ಹಾಲಿಸ್‌ನ ಕೋಟು ಹೊದ್ದಿದ್ದಳು. ಅವಳ ಹಣೆ ಹಾಲಿಸ್‌ನ ಹೆಗಲಿಗೆ ಒರಗಿತ್ತು. ಅವನ ಒಂದು ಕೈ ಅವಳ ತಲೆಯ ಮೇಲಿತ್ತು, ಹುಟ್ಟಿದ ಕರುವಿನ ಮೇಲೆ ಇಟ್ಟ ಹಾಗೆ, ಭಾರ ಹಾಕದೆ. ಇಬ್ಬರ ಕಣ್ಣೂ ಅತ್ತು ಊದಿದ್ದವು.

ಬದುಕಿದ್ದಾರೆ ಎಂದು ತಿಳಿದು ರಾಲಿನ್ ಓಟ ನಿಲ್ಲಿಸಿದ. ಅದರ ಹಿಂದೆಯೇ ಇನ್ನೊಂದು ತಿಳಿವಳಿಕೆ ಬಂದು ಎದೆಯಲ್ಲಿ ಕೂತಿತು. ಅವನು ಇನ್ನೂ ಅಲ್ಲೇ ನಿಂತಿದ್ದಾಗ ಗ್ವೆನ್ ತಲೆ ಎತ್ತಿದಳು. ಅವನನ್ನು ಕಂಡು ಏಳಲು ಹೋದಳು.

"ಕೂತಿರು," ಎಂದ ರಾಲಿನ್. "ಮಗು ಎದ್ದುಬಿಡುತ್ತೆ."

*

ಕೆಲವು ದಿನಗಳ ಮೇಲೆ ಅವಳು ಆಫೀಸಿಗೆ ಬಂದಳು. ಆರ್ಲೀನ್ ಕಾಫಿ ಕೊಟ್ಟು, ಏನೂ ಹೇಳದೆ ಹೊರಗೆ ಹೋದಳು.

"ಹಾಲಿಸ್ ಕಡೆ ಚಾವಣಿ ಇಲ್ಲ. ನಮ್ಮ ಸೋಫಾ ಮೇಲೆ ಮಲಗ್ತಾನೆ," ಎಂದು ಶುರು ಮಾಡಿ ನಿಲ್ಲಿಸಿದಳು. "ಇದಲ್ಲ ನಾನು ಹೇಳಕ್ಕೆ ಬಂದಿದ್ದು."

"ಗೊತ್ತು."

"ಆ ರಾತ್ರಿ ಒಂದಾದ ಮೇಲೊಂದು ಸೈರನ್. ನೆಲಮಾಳಿಗೆಯಿಂದ ಮೇಲೆ ಹೋಗಕ್ಕೇ ಆಗಲಿಲ್ಲ. ಟೆಸ್ ನಡುಗ್ತಿದ್ಲು. ಹಾಲಿಸ್ ಇದ್ದಕ್ಕಿದ್ದ ಹಾಗೆ, 'ಅವತ್ತು ನಾನು ಹಸು ಕಡೆ ನೋಡ್ತಿದ್ದೆ ಗ್ವೆನ್,' ಅಂದ. ಹೊಟ್ಟೇಲಿ ಕರು ಅಡ್ಡ ಸಿಕ್ಕಿತ್ತಂತೆ. ಕೋಡಿ ಕೊಳದ ಕಡೆ ಹೋಗಿದ್ದು ಕಾಣಲಿಲ್ಲವಂತೆ. ಇಷ್ಟು ದಿನ ಅದನ್ನೇ ಬಾಯಿಗೆ ತರಲಾರದೆ…" ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. "ಅವತ್ತು ಕೋಡಿ ಹೋಗಲ್ಲ ಅಂದಿದ್ದ. ನನ್ನ ಜೊತೆ ಬರ್ತೀನಿ ಅಂದಿದ್ದ. ಶ್ರುತಿ ಮಾಡುವಾಗ ಗಲಾಟೆ ಮಾಡ್ತಾನೆ ಅಂತ ನಾನೇ ಅಪ್ಪನ ಜೊತೆ ಕಳಿಸಿದ್ದೆ. ಅದನ್ನ ಹಾಲಿಸ್‌ಗೆ ಹೇಳಿರಲಿಲ್ಲ. ಅವನು ನನ್ನನ್ನ ದೂರ್ತಾನೆ ಅಂತ ನಾನು, ನಾನು ಅವನನ್ನ ದೂರ್ತೀನಿ ಅಂತ ಅವನು. ಸಂಜೆ ಮಂಚದ ತುದೀಲಿ ಕೂತು ಬೂಟು ಬಿಚ್ಚೋನು. ಒಂದು ಮಾತು ಆಡ್ತಾ ಇರಲಿಲ್ಲ. ಆ ಸದ್ದು ಕೇಳಿದ್ರೆ ಅದು ನಂಗೆ ಹಾಕ್ತಿರೋ ಶಾಪ ಅನ್ನಿಸ್ತಿತ್ತು."

ರಾಲಿನ್ ಕೇಳುತ್ತಿದ್ದ. ಅವನ ಮುಂದೆ ಬೇರೆ ಯಾರದೋ ಮನೆಯ ನಕ್ಷೆ ಹರಡಿತ್ತು.

"ನಿನ್ನ ಮೇಲೆ ನಂಗಿದ್ದದ್ದು ಸುಳ್ಳಲ್ಲ," ಎಂದಳು. "ಅದನ್ನ ನೀನು ಸುಳ್ಳು ಅಂದ್ಕೋಬಾರದು."

"ಅಂದ್ಕೊಂಡಿಲ್ಲ."

"ಒಂದೇ ನೆಲಮಾಳಿಗೆ ಬರೆದಾಗ ಹೀಗಾಗುತ್ತೆ ಅಂತ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. "ಭಯ ಇತ್ತು."

"ಆದ್ರೂ ಬರೆದೆ."

"ಎರಡು ಬರೆದಿದ್ರೆ ಟೆಸ್ ಮೇಲೆ ಇರ್ತಿದ್ಲು. ಅಷ್ಟೇ ನೋಡಿದ್ದು ನಾನು."

ಗ್ವೆನ್ ಮುಖ ಮುಚ್ಚಿಕೊಂಡು ಅತ್ತಳು. ರಾಲಿನ್ ಎದ್ದು ಮೇಜು ಸುತ್ತಿ ಬಂದ. ಅವಳ ಹೆಗಲ ಮೇಲೆ ಕೈ ಇಡಬೇಕೋ ಬೇಡವೋ ತಿಳಿಯದೆ ಕುರ್ಚಿಯ ಬೆನ್ನು ಹಿಡಿದು ನಿಂತ.

"ಇನ್ನೊಂದು ಕೇಳ್ಬೇಕು," ಎಂದಳು ಕಣ್ಣೊರೆಸಿಕೊಂಡು. "ಎರಡು ಅಡುಗೆಮನೆ ಮಧ್ಯೆ ಗೋಡೇಲಿ ಬಾಗಿಲು ಒಡೀಬೇಕು ಅಂತ ಇದೀವಿ. ನೀನೇ ಬರಬೇಕು ಅಂತಲ್ಲ. ಬೇರೆ ಯಾರ ಹೆಸರಾದ್ರೂ ಹೇಳು."

"ಬೇರೆಯವರು ಕೊಯ್ದರೆ ಬಿರುಕು ಬಿಡುತ್ತೆ," ಎಂದ ರಾಲಿನ್. "ನಾನೇ ಬರ್ತೀನಿ."

*

ಚಾವಣಿ ಹೊಸದಾದ ಮೇಲೆ ಅವನು ಹೋದ. ಗೋಡೆಯ ಮೇಲೆ ಗೆರೆ ಎಳೆಯುವಾಗ ಹಾಲಿಸ್ ಪಕ್ಕದಲ್ಲಿ ನಿಂತು ಅಳತೆಯ ಟೇಪು ಹಿಡಿದ. ರಾಲಿನ್ ಮತ್ತು ಗ್ವೆನ್ ವಿಷಯ ಅವನಿಗೆ ಗೊತ್ತಿತ್ತು, ಅವಳೇ ಹೇಳಿದ್ದಳು.

"ಬಾಗಿಲು ಯಾವ ಕಡೆಗೆ ತೆಗೆಯೋ ಹಾಗಿರಲಿ?" ಎಂದು ಕೇಳಿದ ರಾಲಿನ್.

ಹಾಲಿಸ್ ಗ್ವೆನ್ ಕಡೆ ನೋಡಿದ. ಅವಳು ಒಲೆಯ ಬಳಿ ಬೆನ್ನು ಮಾಡಿ ನಿಂತಿದ್ದಳು.

"ಬಾಗಿಲು ಬೇಡ," ಎಂದ ಹಾಲಿಸ್. "ಸುಮ್ನೆ ಬಯಲು ಬಿಟ್ಬಿಡಿ."

"ಆಯ್ತು," ಎಂದು ರಾಲಿನ್ ಬಾಗಿಲ ಚೌಕಟ್ಟಿಗೆ ಬಿಟ್ಟಿದ್ದ ಜಾಗ ಅಳಿಸಿದ.

ಮೊದಲು ಮೇಲೆ ಉಕ್ಕಿನ ತೊಲೆ ಕೂರಿಸಿದರು. ಆಮೇಲೆ ದೊಡ್ಡ ಗರಗಸ ಕೊಯ್ಯತೊಡಗಿತು. ಮನೆಯೆಲ್ಲ ಕೆಂಪು ಧೂಳು. ಕೆಲಸದವರು ಕೊನೆಯ ತುಂಡನ್ನು ಎಳೆದಾಗ ಆ ಕಡೆಯ ಅಡುಗೆಮನೆಯ ಬೆಳಕು ಈ ಕಡೆಯ ನೆಲದ ಮೇಲೆ ಬಿದ್ದಿತು. ಟೆಸ್ ಆ ಕಡೆಯಿಂದ ಈ ಕಡೆಗೆ ಬಂದಳು, ಮತ್ತೆ ಹೋದಳು, ಮತ್ತೆ ಬಂದಳು. ಯಾರೂ ಅವಳನ್ನು ತಡೆಯಲಿಲ್ಲ. ರಾಲಿನ್ ಕೊಯ್ದ ಅಂಚಿನ ಉದ್ದಕ್ಕೂ ಅಂಗೈ ಎಳೆದು ಬಿರುಕಿದೆಯೇ ನೋಡಿದ. ಇರಲಿಲ್ಲ.

"ಊಟ ಮಾಡ್ಕೊಂಡು ಹೋಗಿ," ಎಂದ ಹಾಲಿಸ್. ಮನಸ್ಸಿಟ್ಟೇ ಹೇಳಿದ.

"ಇನ್ನೊಂದು ದಿನ."

ಗ್ವೆನ್ ಟ್ರಕ್ಕಿನವರೆಗೂ ಬಂದಳು. ಧೂಳು ಅವಳ ರೆಪ್ಪೆಯ ಮೇಲೂ ಕೂತಿತ್ತು.

"ಕೈ ಕೊಡು," ಎಂದಳು. ಅವನು ಕೊಟ್ಟ. ಅವಳು ಅದನ್ನು ತಿರುಗಿಸಿ, ಅಂಗೈಯ ಮಣ್ಣನ್ನು ತನ್ನ ಬಟ್ಟೆಯ ಅಂಚಿನಿಂದ ಒಂದೊಂದೇ ಬೆರಳಾಗಿ ಒರೆಸಿದಳು. ಬಹಳ ನಿಧಾನವಾಗಿ ಒರೆಸಿದಳು. ಇನ್ನು ಒರೆಸಲು ಏನೂ ಉಳಿಯದಾದಾಗ ಬಿಟ್ಟಳು.

"ನಿಂಗೊಂದು ಮನೆ ಕಟ್ಕೋ ರಾಲಿನ್."

"ನೋಡೋಣ," ಎಂದ. "ಒಳಗೆ ಹೋಗು. ಕಾಯ್ತಿದಾರೆ."

ದಿಬ್ಬ ಇಳಿದು ಮುಖ್ಯ ರಸ್ತೆಗೆ ಬರುವ ಮೊದಲೇ ಅವನು ಟ್ರಕ್ಕನ್ನು ಬದಿಗೆ ನಿಲ್ಲಿಸಿದ. ಸ್ಟಿಯರಿಂಗಿಗೆ ಹಣೆ ಕೊಟ್ಟು ಅತ್ತ. ತಡೆಯುವವರು ಯಾರೂ ಇರಲಿಲ್ಲ. ಫೋನ್ ಎರಡು ಸಲ ಹೊಡೆದು ನಿಂತು ಮೂರನೆಯ ಸಲ ಹೊಡೆದಾಗ ತೆಗೆದ. ಆರ್ಲೀನ್.

"ಆಯ್ತಾ ಕೆಲಸ?"

"ಆಯ್ತು."

"ಗೋಡೆ?"

"ನಿಂತಿದೆ."

"ನೀನು?"

ಗೋಧಿ ಹೊಲದ ಮೇಲೆ ಗಾಳಿ ಹಾದು ಹೋಗುತ್ತಿತ್ತು. ಆರ್ಲೀನ್ ಫೋನ್ ಇಡಲಿಲ್ಲ.

"ಮೀನು ಹುರೀತಿದೀನಿ," ಎಂದಳು ಕೊನೆಗೆ. "ಮುಖ ತೊಳ್ಕೊಂಡು ಬಾ."

"ಬರ್ತೀನಿ," ಎಂದ ರಾಲಿನ್.